ಬ್ರೌಸರಿನ ಬಾಲಂಗೋಚಿಗಳು: ವಿಜ್ಞಾನದ ಮೇಷ್ಟರಿಗೆ ಯಾವುದು ಬೇಕು, ಯಾವುದು ಬೇಡ

ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುವುದು ಪಟ ಗೋತಾ ಹೊಡೆಯದಿರಲಿ ಎಂದು. ಬಾಲ ತೀರಾ ಭಾರವಾದರೆ ಪಟ ಮೇಲೇಳುವುದೇ ಇಲ್ಲ. ವೆಬ್ ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್‌ಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಬ್ರೌಸರಿನೊಳಗೆ ಕುಳಿತು, ಅದಕ್ಕೆ ಮೂಲದಲ್ಲಿ ಬಾರದ ಒಂದು ಕೆಲಸವನ್ನು ಮಾಡಿಕೊಡುವ ಪುಟ್ಟ ತಂತ್ರಾಂಶಕ್ಕೆ ಎಕ್ಸ್‌ಟೆನ್ಷನ್ ಎಂದು ಹೆಸರು. ಉಪಯುಕ್ತ ಎಕ್ಸ್‌ಟೆನ್ಷನ್‌ಗಳ ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲೇ ಓದಿ ಇಂಗ್ಲಿಷಿನಲ್ಲೇ ಬರೆಯುವ ಕಚೇರಿ ನೌಕರನನ್ನು ಕಣ್ಣ ಮುಂದಿಟ್ಟುಕೊಂಡು ತಯಾರಾದವು. ಕನ್ನಡದಲ್ಲಿ ಪಾಠ ಮಾಡುವ ವಿಜ್ಞಾನ ಶಿಕ್ಷಕರ ಮೇಜಿನ ಮೇಲೆ ಅವು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಸ್ವಲ್ಪ ಹಿಂದಕ್ಕೆ ಹೋಗೋಣ. ಫೈರ್‌ಫಾಕ್ಸ್ 1.0 ಬಂದದ್ದು 2004ರ ನವೆಂಬರಿನಲ್ಲಿ. ಬೇರೆಯವರು ಬರೆದ ತುಣುಕುಗಳನ್ನು ಬ್ರೌಸರಿಗೆ ಸೇರಿಸಿಕೊಳ್ಳುವ ಅಭ್ಯಾಸ ಜನಪ್ರಿಯವಾದದ್ದು ಅದರಿಂದ. ಆಗ ಗಾಂಧಿ ಬಜಾರಿನ ಯಾವುದಾದರೂ ಸೈಬರ್ ಕೆಫೆಯಲ್ಲಿ ಕುಳಿತು ಕನ್ನಡದ ಜಾಲತಾಣ ತೆರೆದರೆ, ತೆರೆಯ ಮೇಲೆ ಕನ್ನಡದ ಬದಲು ಕಲಸುಮೇಲೋಗರ ಕಾಣಿಸುವ ಸಂಭವವೇ ಹೆಚ್ಚು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತಾದರೂ ಬಳಕೆಯಲ್ಲಿ ಇದ್ದದ್ದು ಫಾಂಟ್ ಆಧಾರಿತ ಪದ್ಧತಿ. ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸುವುದು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಾಗಲಿ, ಬರಹದಲ್ಲಾಗಲಿ ಈ ರೀತಿ ಬೆರಳಚ್ಚಿಸಿದ ‘ಕನ್ನಡ’ ಎಂಬ ಪದವನ್ನು ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ, ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ‘ನ’ ಇರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ! ಹಳೆಯ ಪ್ರಶ್ನೆಪತ್ರಿಕೆಗಳ ಪಿಡಿಎಫ್‌ನಿಂದ ಪಠ್ಯ ನಕಲಿಸಿದವರಿಗೆ ಈ ಪೌಂಡಿನ ಪರಿಚಯ ಇಂದಿಗೂ ಇದೆ.

ಇಂಥ ತೊಂದರೆಗೆಂದೇ ಆ ದಶಕದ ನಡುವೆ ಫೈರ್‌ಫಾಕ್ಸಿಗೆ ‘ಪದ್ಮ’ ಎಂಬ ಎಕ್ಸ್‌ಟೆನ್ಷನ್ ಬಂತು. ತೆಲುಗಿನಿಂದ ಮೊದಲಾಗಿ ಹಲವು ಭಾರತೀಯ ಭಾಷೆಗಳ ಇಂಥ ಪುಟಗಳನ್ನು ಅದು ತೆರೆಯ ಮೇಲೆಯೇ ಯೂನಿಕೋಡಿಗೆ ಬದಲಿಸಿ ತೋರಿಸುತ್ತಿತ್ತು. ನನ್ನ ಲೆಕ್ಕದಲ್ಲಿ ಒಳ್ಳೆಯ ಎಕ್ಸ್‌ಟೆನ್ಷನ್‌ಗೆ ಇದಕ್ಕಿಂತ ಉತ್ತಮ ಮಾದರಿ ಇಲ್ಲ. ಅದು ನಮ್ಮದೇ ತೊಂದರೆಯನ್ನು ಹಿಡಿದು, ಒಂದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ಅದರ ಕೊನೆಯೂ ಪಾಠವೇ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಹೊರಬಂದಾಗ ಹಳೆಯ ವಿನ್ಯಾಸದ ಎಕ್ಸ್‌ಟೆನ್ಷನ್‌ಗಳಿಗೆಲ್ಲ ಬಾಗಿಲು ಮುಚ್ಚಿತು. ಹೊಸ ವಿನ್ಯಾಸದಲ್ಲಿ ಮತ್ತೆ ಬರೆಯುವ ಬಿಡುವು ಯಾರಿಗಿತ್ತೋ ಅವರ ಕೆಲಸ ಉಳಿಯಿತು. ಒಬ್ಬಿಬ್ಬರು ಸ್ವಂತ ಆಸಕ್ತಿಯಿಂದ ನಡೆಸುವ, ಸಣ್ಣ ಭಾಷೆಗಳ ಸಾಧನಗಳಿಗೆ ಇಂಥ ಬದಲಾವಣೆಯ ಪೆಟ್ಟು ಮೊದಲು ಬೀಳುತ್ತದೆ.

ಈಗಿನವುಗಳಿಗೆ ಬರೋಣ. ಕನ್ನಡ ಬೆರಳಚ್ಚಿಗೆ ಕ್ರೋಮ್‌ಗೆಂದು ಗೂಗಲ್ ಇನ್‌ಪುಟ್ ಟೂಲ್ಸ್ ಇದೆ. ಹಾಕಿಕೊಳ್ಳಬೇಕೇ? ಬೇಡ ಎಂದೇ ನನ್ನ ಅಭಿಪ್ರಾಯ. ಬೆರಳಚ್ಚು ಕಾರ್ಯಾಚರಣ ವ್ಯವಸ್ಥೆಯ ಕೆಲಸ. ವಿಂಡೋಸ್ 10ರಲ್ಲಿ 2019ರಿಂದ ಧ್ವನ್ಯಾತ್ಮಕ ಕನ್ನಡ ಕೀಲಿಮಣೆ ಜೊತೆಯಲ್ಲೇ ಬರುತ್ತದೆ. ಲಿನಕ್ಸ್‌ನಲ್ಲಿ ಕೆ. ಪಿ. ರಾವ್ ವಿನ್ಯಾಸವೂ ಸಿಗುತ್ತದೆ. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಲು ಒಮ್ಮೆ ಕಲಿತ ಬೆರಳು ಬೇರೆ ವಿನ್ಯಾಸಕ್ಕೆ ಸುಲಭವಾಗಿ ಒಗ್ಗುವುದಿಲ್ಲ, ಅದು ಬೇರೆ ಮಾತು.

ಅನುವಾದದ ಎಕ್ಸ್‌ಟೆನ್ಷನ್‌ಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಅಂದಿಗೆ ಹೋಲಿಸಿದರೆ ಇಂದಿನ ಗುಣಮಟ್ಟ ಎಷ್ಟೋ ಮೇಲು. ಸುದ್ದಿ ಓದಲು ಧಾರಾಳವಾಗಿ ಸಾಕು, ಆದರೆ ಪಾಠದ ಟಿಪ್ಪಣಿಗೆ ಸಾಲದು. ನಮ್ಮ ಪಠ್ಯಪುಸ್ತಕಗಳು ‘ಜವ’ ಮತ್ತು ‘ವೇಗ’ಗಳನ್ನು ಬೇರೆಬೇರೆ ಪರಿಮಾಣಗಳಾಗಿ ಕಲಿಸುತ್ತವೆ. ಮೊದಲನೆಯದಕ್ಕೆ ದಿಕ್ಕಿಲ್ಲ, ಎರಡನೆಯದಕ್ಕಿದೆ. ಆಡುಮಾತಿನಲ್ಲಿ ಎರಡಕ್ಕೂ ‘ವೇಗ’ವೇ. ‘ಶಕ್ತಿ’ ಮತ್ತು ‘ಸಾಮರ್ಥ್ಯ’ಗಳ ಸ್ಥಿತಿಯೂ ಅಷ್ಟೇ: ಒಂದರ ಏಕಮಾನ ಜೌಲ್, ಇನ್ನೊಂದರದು ವಾಟ್, ಬೀದಿಯಲ್ಲಿ ಎರಡೂ ಶಕ್ತಿ. ಯಂತ್ರ ಕಲಿತಿರುವುದು ಬಹುಪಾಲು ಬೀದಿಯ ಕನ್ನಡವನ್ನೇ. ಅನುವಾದದ ಎಕ್ಸ್‌ಟೆನ್ಷನ್ ಅಳವಡಿಸಿಕೊಳ್ಳುವ ಮುನ್ನ ಒಂಬತ್ತನೇ ತರಗತಿಯ ಚಲನೆಯ ಪಾಠವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿ ನೋಡಿ. ಇಂಥ ಪದಗಳು ಕೊನೆಯ ಸಾಲಿನವರೆಗೂ ತಮ್ಮತಮ್ಮ ಜಾಗದಲ್ಲೇ ನಿಂತಿವೆಯೇ ಎಂದು ಪರೀಕ್ಷಿಸಿ. ವಿದ್ಯಾರ್ಥಿಗಳಿಂದಲೇ ಮಾಡಿಸಿದರೆ ಇನ್ನೂ ಒಳ್ಳೆಯದು.

ಜೊಟೆರೊ ನಿಜವಾಗಿಯೂ ಹೊಗಳಿಕೆಗೆ ಅರ್ಹ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರು 2006ರಲ್ಲಿ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ಆಗಿ ಹೊರತಂದ ಇದು ಈಗ ಸ್ವತಂತ್ರ ತಂತ್ರಾಂಶ. ಬ್ರೌಸರಿನಲ್ಲಿ ಉಳಿದಿರುವುದು ಅದರ ಕೊಂಡಿ ಮಾತ್ರ. ಓದುತ್ತಿರುವ ಪ್ರಬಂಧದ ಶೀರ್ಷಿಕೆ, ಲೇಖಕ, ವರ್ಷ ಎಲ್ಲವನ್ನೂ ಒಂದು ಕ್ಲಿಕ್ಕಿಗೆ ಎತ್ತಿಟ್ಟುಕೊಳ್ಳುತ್ತದೆ. ಕನ್ನಡದ ಪುಸ್ತಕಗಳಲ್ಲಿ ಮಾತ್ರ ಎಡವುತ್ತದೆ. ಹೆಸರು ಎಂದರೆ ಮೊದಲ ಹೆಸರು, ಮನೆತನದ ಹೆಸರು ಎಂದು ಎರಡಾಗಿ ಸೀಳುವುದು ಅದರ ರೂಢಿ. ಬಿ. ಜಿ. ಎಲ್. ಸ್ವಾಮಿಯವರನ್ನು ಹೀಗೆ ಸೀಳಿದರೆ ಸ್ವಾಮಿ ಮನೆತನದ ಬಿ. ಜಿ. ಎಲ್. ಆಗುತ್ತಾರೆ! ಲೇಖಕರ ಹೆಸರನ್ನು ಒಂದೇ ಅಂಕಣದಲ್ಲಿ ತುಂಬುವ ಆಯ್ಕೆ ಅದರಲ್ಲೇ ಇದೆ, ಬಳಸಿ. ಪಿಎಚ್.ಡಿ. ವಿದ್ಯಾರ್ಥಿಗಳಿಗಷ್ಟೇ ಎಂದುಕೊಳ್ಳಬೇಡಿ. ವಿಜ್ಞಾನ ಯೋಜನೆ ಮಾಡುವ ಪಿಯುಸಿ ಹುಡುಗರಿಗೂ ‘ಇದು ಎಲ್ಲಿಂದ ಬಂತು’ ಎಂದು ಬರೆದಿಡುವ ಅಭ್ಯಾಸ ಇದರಿಂದ ಹತ್ತುತ್ತದೆ.

ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಎಕ್ಸ್‌ಟೆನ್ಷನ್ ಕೂಡ ಇರಲಿ. ತೆರೆದಿರುವ ಪುಟದ ಪ್ರತಿಯನ್ನು ಅದು ಸಂಗ್ರಹಕ್ಕೆ ಕಳುಹಿಸುತ್ತದೆ, ಪುಟ ಮಾಯವಾಗಿದ್ದರೆ ಹಳೆಯ ಪ್ರತಿಯನ್ನು ಹುಡುಕುತ್ತದೆ. ಮಲ್ಲೇಶ್ವರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮೂಲ ತಾಣ ಮುಚ್ಚಿಹೋಯಿತು. ಆ ಪುಸ್ತಕಗಳಲ್ಲಿ ಬಹಳಷ್ಟನ್ನು ಇಂದು ನಾವು ಓದುತ್ತಿರುವುದು ಇದೇ ಆರ್ಕೈವ್‌ನಲ್ಲಿ.

ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಬಗ್ಗೆ ಎರಡು ಮಾತು. ಪುಟ ಕೇಳುವ ಪ್ರತಿಯೊಂದು ಕಡತವನ್ನೂ ತಾನೇ ಪರಿಶೀಲಿಸಿ ಬಿಡುವ ಅಥವಾ ತಡೆಯುವ ವಿಧಾನ ಅದರದು. ಕ್ರೋಮ್‌ನ ಹೊಸ ನಿಯಮಗಳ ಪ್ರಕಾರ ಎಕ್ಸ್‌ಟೆನ್ಷನ್ ಒಂದು ಪಟ್ಟಿಯನ್ನು ಮುಂಚಿತವಾಗಿ ಕೊಡಬೇಕು, ತಡೆಯುವ ಕೆಲಸ ಬ್ರೌಸರಿನದು. 2024–25ರಲ್ಲಿ ಈ ನಿಯಮ ಜಾರಿಯಾಗಿ ಮೂಲ ಯುಬ್ಲಾಕ್ ಕ್ರೋಮ್‌ನಲ್ಲಿ ನಿಂತಿತು. ಅಲ್ಲಿರುವುದು ‘ಲೈಟ್’ ಆವೃತ್ತಿ, ಫೈರ್‌ಫಾಕ್ಸಿನಲ್ಲಿ ಮೂಲವೇ ಇದೆ. ತರಗತಿಯಲ್ಲಿ ಪ್ರೊಜೆಕ್ಟರ್ ಹಾಕಿದಾಗ ಮಕ್ಕಳ ಮುಂದೆ ಅಸಹ್ಯ ಜಾಹೀರಾತು ತೆರೆದುಕೊಳ್ಳಬಾರದು ಎನ್ನುವವರಿಗೆ ಯಾವುದಾದರೊಂದು ಇರಲೇಬೇಕು. ನೀವು ದಿನವೂ ಓದುವ ಕನ್ನಡ ಪತ್ರಿಕೆಯ ತಾಣಕ್ಕೆ ಮಾತ್ರ ವಿನಾಯಿತಿ ಕೊಡಿ, ಅವರೂ ಬದುಕಬೇಕಲ್ಲ.

ಇನ್ನು ಪಟ್ಟಿಗಳು ಹೇಳದ ಮಾತು. ಅಳವಡಿಸುವಾಗ ‘ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದಲು ಮತ್ತು ಬದಲಿಸಲು’ ಅನುಮತಿ ಕೇಳುತ್ತದಲ್ಲ, ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ವಿಳಾಸಪಟ್ಟಿಯ ಭದ್ರತೆಯ ಗುರುತು ಸೂಚಿಸುವುದು ದಾರಿಯ ರಕ್ಷಣೆಯನ್ನಷ್ಟೇ. ಗೂಢಲಿಪಿಯಲ್ಲಿ ಬಂದ ಮಾಹಿತಿ ಬ್ರೌಸರಿನಲ್ಲಿ ಬಿಡಿಸಿಕೊಂಡ ಮೇಲೆ ಎಕ್ಸ್‌ಟೆನ್ಷನ್ ಅದನ್ನು ನೋಡುತ್ತದೆ. ಕರ್ನಾಟಕದ ಶಿಕ್ಷಕರು ಮಕ್ಕಳ ಹೆಸರು, ಜನ್ಮದಿನಾಂಕ, ಜಾತಿ, ಪೋಷಕರ ವಿವರಗಳನ್ನು ತುಂಬುವ ಸ್ಯಾಟ್ಸ್ ತಾಣವೂ ತೆರೆದುಕೊಳ್ಳುವುದು ಇದೇ ಬ್ರೌಸರಿನಲ್ಲಿ. ಪುಟದ ಬಣ್ಣ ಬದಲಿಸಲೆಂದು ಹಾಕಿಕೊಂಡ ಬಾಲಂಗೋಚಿಗೆ ಇಡೀ ತರಗತಿಯ ದಾಖಲೆ ಕಾಣುವಂತಾಗುತ್ತದೆ.

ಇದು ಬರೀ ಹೆದರಿಕೆಯಲ್ಲ. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಸ್ಮೃತಿ ಉಳಿಸುತ್ತಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ಬಹು ಜನಪ್ರಿಯವಾಗಿತ್ತು. 2020ರಲ್ಲಿ ಅದರ ಒಡೆತನ ಕೈ ಬದಲಾಯಿತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ದುರುದ್ದೇಶದ ತಂತ್ರಾಂಶವೆಂದು ತೆಗೆದುಹಾಕಿತು. ಬಳಕೆದಾರರು ಹೊಸದೇನನ್ನೂ ಅಳವಡಿಸಿರಲಿಲ್ಲ. ನಂಬಿ ಹಾಕಿಕೊಂಡದ್ದೇ ಸ್ವಯಂಚಾಲಿತ ಪರಿಷ್ಕರಣೆಯಲ್ಲಿ ಬೇರೆಯಾಗಿತ್ತು. ಆದ್ದರಿಂದ ತಾರೆಗಳ ಎಣಿಕೆಯನ್ನಷ್ಟೇ ನಂಬಬೇಡಿ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ಗೆ ‘ಕ್ಲಿಕ್ಕಿಸಿದಾಗ ಮಾತ್ರ’ ಪುಟ ತೋರಿಸುವ ಆಯ್ಕೆ ಇದೆ. ಶಾಲೆಯ ದಾಖಲೆ ಕೆಲಸಕ್ಕೆ ಯಾವ ಎಕ್ಸ್‌ಟೆನ್ಷನ್ನೂ ಇಲ್ಲದ ಪ್ರತ್ಯೇಕ ಪ್ರೊಫೈಲ್ ಇಟ್ಟುಕೊಳ್ಳುವುದು ಇನ್ನೂ ಉತ್ತಮ, ಐದು ನಿಮಿಷದ ಕೆಲಸ.

ನನ್ನ ದೊಡ್ಡ ಆಕ್ಷೇಪ ಇರುವುದು ನಾವು ಇನ್ನೂ ಮಾಡಿಕೊಳ್ಳದಿರುವುದರ ಬಗ್ಗೆ. ವಿದ್ಯಾರ್ಥಿ ಪರದೆಯ ಮೇಲಿನ ‘ವೇಗೋತ್ಕರ್ಷ’ದ ಮೇಲೆ ಮೌಸ್ ಇಟ್ಟರೆ ಅದರ ವ್ಯಾಖ್ಯೆ, ಏಕಮಾನ, ಇಂಗ್ಲಿಷ್ ಪದ ಕಾಣಿಸಬೇಕು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ಕೊಟ್ಟಿದೆ. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಮುಕ್ತ ಪರವಾನಗಿಯಲ್ಲಿ ಲಭ್ಯವಿದೆ. ಪಠ್ಯಪುಸ್ತಕದ ಪಾರಿಭಾಷಿಕ ಪದಗಳನ್ನು ಶಿಕ್ಷಕರೇ ಪಟ್ಟಿ ಮಾಡಬಲ್ಲರು. ತೊಡಕು ಒಂದೇ: ಪುಟದಲ್ಲಿರುವುದು ‘ವೇಗೋತ್ಕರ್ಷ’ ಅಲ್ಲ, ‘ವೇಗೋತ್ಕರ್ಷದಿಂದ’, ‘ವೇಗೋತ್ಕರ್ಷವನ್ನು’, ‘ವೇಗೋತ್ಕರ್ಷವಾಗಿದ್ದರೆ’. ವಿಭಕ್ತಿ, ಪ್ರತ್ಯಯಗಳನ್ನು ಕಳಚಿ ಮೂಲಪದ ಹಿಡಿಯಬೇಕು. ಎಲ್ಲ ಪದಗಳಿಗೂ ಇದು ಕಷ್ಟದ ಸಮಸ್ಯೆ. ಕೆಲವು ಸಾವಿರ ಪಾರಿಭಾಷಿಕ ನಾಮಪದಗಳಿಗೆ ಸೀಮಿತವಾದರೆ ಬುಲ್ ಟೆಂಪಲ್ ರಸ್ತೆಯ ಎಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ನಾಲ್ವರಿಗೆ ಒಂದು ಸೆಮಿಸ್ಟರಿನ ಕೆಲಸ. ಪದಪಟ್ಟಿ ಎಕ್ಸ್‌ಟೆನ್ಷನ್ನಿನ ಒಳಗೇ ಇರುವುದರಿಂದ ಯಾವ ಸರ್ವರಿಗೂ ಏನನ್ನೂ ಕಳುಹಿಸಬೇಕಿಲ್ಲ. ಕೇಳಬೇಕಾದ ಅನುಮತಿಯೂ ಒಂದೇ, ಕ್ಲಿಕ್ಕಿಸಿದ ಪುಟದ್ದು.