ಹಳೆ ಸೈಕಲ್ಲಿಗೆ ನ್ಯಾಯದ ಬೆಲೆ

ಬಳಸಿದ ಸೈಕಲ್ಲಿನ ಬೆಲೆಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ ಇರುತ್ತದೆ. ಅದೇ ಬಗೆಯ ಹೊಸ ಸೈಕಲ್ಲು ಇಂದು ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೋ ಅದು ಮೇಲಿನ ಗೆರೆ. ಗುಜರಿಯವರು ತೂಗಿ ಕೊಡುವ ರೊಕ್ಕ ಕೆಳಗಿನ ಗೆರೆ. ಇವೆರಡರ ನಡುವೆ ಬೆಲೆ ಎಲ್ಲಿ ನಿಲ್ಲಬೇಕೆಂಬುದನ್ನು ಸೈಕಲ್ಲಿನ ಸ್ಥಿತಿ ಹೇಳಬೇಕು. ಮಾರುವವರ ಅಡಚಣೆಯಾಗಲಿ, ಕೊಳ್ಳುವವರ ಗರಜಾಗಲಿ ಹೇಳಬಾರದು.

ಮೇಲಿನ ಗೆರೆಗೆ ಇಂದಿನ ದರವೇ ಆಧಾರ. ಕೊಂಡಾಗಿನ ಬೆಲೆ ಇಲ್ಲಿ ಲೆಕ್ಕಕ್ಕೆ ಬಾರದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದಕ್ಕೂ ಮೊದಲು ಕೊಂಡವರು ಆಗಿನ ದರ ಹಿಡಿದು ಮಾತಾಡಿದರೆ ಗಿರಾಕಿ ಹೊಸದನ್ನೇ ಕೊಳ್ಳಲು ಹೋಗುತ್ತಾನೆ.

ಬೆಲೆ ಉಳಿಸಿಕೊಳ್ಳುವುದರಲ್ಲಿ ಎಲ್ಲ ಸೈಕಲ್ಲುಗಳೂ ಒಂದೇ ಅಲ್ಲ. ಹೀರೊ, ಹರ್ಕ್ಯುಲಿಸ್, ಏವನ್, ಅಟ್ಲಾಸ್‌ಗಳ ಕರಿ ಬಣ್ಣದ ದೊಡ್ಡ ಸೈಕಲ್ಲಿಗೆ ಹಳ್ಳಿಯಲ್ಲಿ ಬೇಡಿಕೆ ಬೇಗ ಕರಗುವುದಿಲ್ಲ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅದರಿಂದ ಹಳೆ ಅಟ್ಲಾಸ್‌ನ ಬೆಲೆ ಇಳಿಯಬೇಕಾಗಿಲ್ಲ. ಈ ಜಾತಿಯ ಸೈಕಲ್ಲುಗಳ ಚೈನು, ಟಯರು, ಕಡ್ಡಿಗಳು ಒಂದರದು ಇನ್ನೊಂದಕ್ಕೆ ಕೂಡುತ್ತವೆ. ಗೇರಿನ ಸೈಕಲ್ಲಿನ ಮಾತು ಬೇರೆ. ಅದರ ಬಿಡಿಭಾಗಕ್ಕಾಗಿ ಹಲವು ಸಲ ಹುಬ್ಬಳ್ಳಿಗೇ ಹೋಗಬೇಕಾದ್ದರಿಂದ ನವಲಗುಂದ, ಕುಂದಗೋಳದ ಹಳ್ಳಿಗಳಲ್ಲಿ ಅದರ ಬೆಲೆ ಬೇಗ ಕುಸಿಯುತ್ತದೆ.

ಇನ್ನು ಪರೀಕ್ಷೆ. ಧಾರವಾಡ ಜಿಲ್ಲೆಯಲ್ಲಿ ಸೈಕಲ್ಲು ಯಾವ ಮಣ್ಣಿನಲ್ಲಿ ಓಡಿದೆ ಎಂಬುದನ್ನು ಮೊದಲು ಕೇಳಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಯರಿ ಭೂಮಿಯಲ್ಲಿ ಮಳೆ ಬಿದ್ದರೆ ರಾಡಿ ಮಡಗಾರ್ಡಿನೊಳಗೆ ಕಟ್ಟಿಕೊಂಡು ಗಾಲಿ ತಿರುಗದಂತಾಗುತ್ತದೆ. ಹೊಲಕ್ಕೆ ಹೋಗುವವರು ಮಡಗಾರ್ಡನ್ನೇ ಬಿಚ್ಚಿಡುವುದುಂಟು. ಆಗ ಕೆಸರು ನೇರವಾಗಿ ಚೈನಿಗೂ ಪೆಡಲಿನ ಆಕ್ಸಲಿಗೂ ಸಿಡಿಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಗ್ರೀಸಿಗೆ ಅಂಟಿ, ಒಳಗಿನ ಗುಂಡುಗಳನ್ನು ಸವೆಸುತ್ತದೆ. ಇಲ್ಲಿನ ಸೈಕಲ್ಲಿನ ಪೆಡಲ್ ತೋಳನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿ ನೋಡಬೇಕು. ಆಟ ಇದ್ದರೆ ಬೆಲೆ ಇಳಿಯಬೇಕು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಮಳೆ ಹೆಚ್ಚು, ಆದ್ದರಿಂದ ತುಕ್ಕಿನ ಕಾಟವೂ ಹೆಚ್ಚು. ಅಲ್ಲಿ ರಿಮ್ಮು, ಕಡ್ಡಿಯ ಬುಡ, ಸೀಟಿನ ಕೊಳವೆಗಳನ್ನು ನೋಡಬೇಕು.

ಚೈನಿನ ಸವೆತಕ್ಕೆ ಸ್ಕೇಲು ಸಾಕು. 24 ಕೊಂಡಿಗಳು ಸರಿಯಾಗಿ 12 ಇಂಚು ಬರಬೇಕು. ಇಂಚಿನ ಎಂಟನೇ ಒಂದು ಭಾಗ ಉದ್ದವಾಗಿದ್ದರೆ ಚೈನಿನ ಜೊತೆಗೆ ಫ್ರೀವೀಲಿನ ಹಲ್ಲುಗಳೂ ಸವೆದಿರುತ್ತವೆ. ಹಾಲಿನ ಕ್ಯಾನು, ಮೇವು, ಚೀಲ ಹೊತ್ತ ಸೈಕಲ್ಲಿನ ಭಾರವೆಲ್ಲ ಹಿಂದಿನ ಗಾಲಿಯ ಮೇಲೆ. ದೊಡ್ಡ ಸೈಕಲ್ಲಿನ ಹಿಂದಿನ ಗಾಲಿಗೆ 40, ಮುಂದಿನದಕ್ಕೆ 32 ಕಡ್ಡಿಗಳಿರುವುದು ಇದೇ ಕಾರಣಕ್ಕೆ. ಮುರಿದ ಕಡ್ಡಿಗಳನ್ನು ಎಣಿಸಿ, ಗಾಲಿ ತಿರುಗಿಸಿ ಬೆಂಡು ನೋಡಬೇಕು.

ಇವೆಲ್ಲ ರಿಪೇರಿಯಾಗುವ ದೋಷಗಳು. ಚೌಕಟ್ಟಿನ ಬಿರುಕು ಹಾಗಲ್ಲ. ಹ್ಯಾಂಡಲಿನ ಕೆಳಗೆ ಕೊಳವೆಗಳು ಕೂಡುವಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಸೈಕಲ್ಲು ಎಲ್ಲಿಯೋ ಬಲವಾಗಿ ಗುದ್ದಿದೆ ಎಂದು ತಿಳಿಯಬೇಕು. ಬಿರುಕು ಬಿಟ್ಟ ಸೈಕಲ್ಲನ್ನು ಓಡಿಸಲೆಂದು ಮಾರುವುದೇ ತಪ್ಪು. ಅದು ಗುಜರಿ ಬೆಲೆಗೇ ಹೋಗಬೇಕು.

ಲೆಕ್ಕ ಹೀಗೆ ಕಟ್ಟಬಹುದು. ಹೊಸದರ ಬೆಲೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷ ಓಡಿದ, ಚೌಕಟ್ಟು ಗಟ್ಟಿಯಿರುವ ಸೈಕಲ್ಲಿಗೆ ಅರ್ಧ ಹಿಡಿದರೆ 3,000. ಎರಡು ಟಯರು, ಚೈನು, ಫ್ರೀವೀಲು ಹಾಕಿಸಲು ಮೆಕ್ಯಾನಿಕ್ 1,200 ಕೇಳಿದರೆ ಉಳಿಯುವುದು 1,800. ಸೈಕಲ್ಲು 20 ಕಿಲೋ ತೂಗಿ, ಗುಜರಿ ದರ ಕಿಲೋಗೆ 25 ರೂಪಾಯಿ ಇದ್ದರೆ ಕೆಳಗಿನ ಗೆರೆ 500. ಅಂದರೆ 1,800 ಎರಡೂ ಕಡೆಗೆ ಒಪ್ಪುವ ಬೆಲೆ. ರಿಪೇರಿ ಮಾಡಿಸಿಯೇ ಮಾರುವುದಾದರೆ ಆ 1,200 ಕೂಡಿಸಿ 3,000 ಕೇಳುವುದು ನ್ಯಾಯವೇ, ಆದರೆ ಅದರ ಚೀಟಿ ತೋರಿಸಬೇಕು.

ಪುಕ್ಕಟೆ ಬಂದ ಸೈಕಲ್ಲಿಗೂ ಇದೇ ಲೆಕ್ಕ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ಅಂಥ ಸೈಕಲ್ಲನ್ನು ಮಗು ಶಾಲೆಗೆ ಹೋಗುತ್ತಿರುವಾಗ ಮಾರುವುದು ಯಾವ ಬೆಲೆಗೂ ನ್ಯಾಯವಲ್ಲ. ಓದು ಮುಗಿದ ಮೇಲೆ ಅದರ ಬೆಲೆಯೂ ಸ್ಥಿತಿಯಂತೆಯೇ. ಪುಕ್ಕಟೆ ಸಿಕ್ಕಿತೆಂದು ಗುಜರಿಗೆ ಹಾಕುವುದಕ್ಕಿಂತ ಇನ್ನೊಂದು ಮನೆಯ ಮಗುವಿಗೆ ಸರಿಯಾದ ಬೆಲೆಗೆ ಕೊಡುವುದು ಮೇಲು.

ಕಾಲವೂ ಬೆಲೆಯನ್ನು ಏರಿಸಿ ಇಳಿಸುತ್ತದೆ. ಶಾಲೆ ತೆರೆಯುವ ಮುಂಚಿನ ದಿನಗಳು ಮತ್ತು ಹೆಸರು, ಹತ್ತಿ, ಮೆಣಸಿನಕಾಯಿಯ ರೊಕ್ಕ ಕೈಗೆ ಬರುವ ಕಾಲ ಮಾರಾಟಕ್ಕೆ ಒಳ್ಳೆಯದು. ಉದ್ರಿ ಕೊಡುವುದಾದರೆ ಕಂತು, ತಾರೀಖು ಮೊದಲೇ ಗೊತ್ತಾಗಲಿ.

ಸೈಕಲ್ಲಿಗೆ ಆರ್‌ಟಿಒ ನೋಂದಣಿ ಇಲ್ಲ. ಆದ್ದರಿಂದ ಚೌಕಟ್ಟಿನ ಮೇಲೆ ಒತ್ತಿರುವ ನಂಬರು, ತಾರೀಖು, ಬೆಲೆ, ಇಬ್ಬರ ಸಹಿ ಇರುವ ಒಂದು ಚೀಟಿ ಬೇಕೇ ಬೇಕು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಅಪರಾಧ. ಈ ಚೀಟಿ ಇಬ್ಬರನ್ನೂ ಕಾಯುತ್ತದೆ. ಕೇಳಿದ ಬೆಲೆಯ ಲೆಕ್ಕವನ್ನು ಗಿರಾಕಿಯ ಎದುರು ಬಾಯಿಬಿಟ್ಟು ಹೇಳಲು ಮಾರುವವರಿಗೆ ಸಾಧ್ಯವಾದರೆ ಅದು ನ್ಯಾಯದ ಬೆಲೆ. ಹೇಳಲಾಗದ ಬೆಲೆಯನ್ನು ಕೇಳಬಾರದು.