ಅಮೆರಿಕದ ದೂರದರ್ಶನದಲ್ಲಿ ಒಬ್ಬ ಸಿಖ್ ಪ್ರತಿನಾಯಕ

ಭರತನ ನಾಟ್ಯಶಾಸ್ತ್ರದ ಆಹಾರ್ಯಾಭಿನಯ ಪ್ರಕರಣದಲ್ಲಿ, ರಂಗಕ್ಕೆ ಬರುವ ಯಾವ ದೇಶದ ಜನಕ್ಕೆ ಯಾವ ಮೈಬಣ್ಣವನ್ನು ಬಳಿಯಬೇಕೆಂಬ ವಿಧಿಯುಂಟು. ಕಿರಾತ, ಬರ್ಬರ, ಆಂಧ್ರ, ದ್ರಮಿಳರಿಗೂ ದಾಕ್ಷಿಣಾತ್ಯರಾದ ನಮಗೂ ಕಪ್ಪು. ಶಕ, ಯವನ, ಪಹ್ಲವ, ಬಾಹ್ಲಿಕರಿಗೆ ಗೌರವರ್ಣ. ನಟನು ಸ್ವತಃ ಯಾವ ಕುಲದವನೆಂಬ ಪ್ರಶ್ನೆಯು ಅಲ್ಲಿ ಏಳುವುದೇ ಇಲ್ಲ; ಬಳಿದುದು ಬಣ್ಣವೆಂದು ಸಭೆಗೆಲ್ಲ ತಿಳಿದಿರುತ್ತದೆ. ಅಮೆರಿಕದ ಹಳೆಯ ದೂರದರ್ಶನ ನಾಟಕಗಳಲ್ಲಿಯೂ ಒಂದು ಜನಾಂಗದ ನಟನು ಇನ್ನೊಂದು ಜನಾಂಗದವನಾಗಿ ಬಣ್ಣ ಹಚ್ಚಿಕೊಂಡು ಬರುವುದು ವಾಡಿಕೆಯಾಗಿದ್ದಿತು. ಆದರೆ ಛಾಯಾಯಂತ್ರವು ತಾನು ಕಾಣಿಸುವುದನ್ನು ನಿಜವೆಂದೇ ಕಾಣಿಸುವುದರಿಂದ, ರಂಗದ ಮೇಲೆ ಸಂಕೇತವಾಗಿದ್ದ ಬಣ್ಣವು ಅಲ್ಲಿ ಸಾಕ್ಷ್ಯವಾಗಿಬಿಡುತ್ತದೆ. ಇಂದಿನ ಪ್ರೇಕ್ಷಕರಿಗೆ ಅದು ಸಲ್ಲದೆ ತೋರುವುದಕ್ಕೆ ಇದೊಂದು ಮುಖ್ಯ ಕಾರಣ. ಹಾಗಾದರೆ ಆ ವಾಡಿಕೆಯನ್ನೆಲ್ಲ ಒಂದೇ ಮಾತಿನಿಂದ ತಳ್ಳಿಹಾಕಬಹುದೆ? ಭಾರತೀಯನೊಬ್ಬನ ಪಾತ್ರವನ್ನೇ ಹಿಡಿದು ನೋಡೋಣ.

1967ರ ಫೆಬ್ರವರಿಯಲ್ಲಿ 'ಸ್ಟಾರ್ ಟ್ರೆಕ್' ಮಾಲೆಯ 'ಸ್ಪೇಸ್ ಸೀಡ್' ಎಂಬ ಕಂತು ಪ್ರಸಾರವಾಯಿತು. ಅದರ ಪ್ರತಿನಾಯಕನು ಖಾನ್ ನೂನಿಯನ್ ಸಿಂಗ್. ಇವನು ಉತ್ತರ ಭಾರತದವನು, ಬಹುಶಃ ಸಿಖ್ಖನು ಎಂದು ನೌಕೆಯ ಇತಿಹಾಸಜ್ಞೆಯು ಊಹಿಸುತ್ತಾಳೆ. ಪಾತ್ರವನ್ನು ವಹಿಸಿದವರು 1920ರಲ್ಲಿ ಮೆಕ್ಸಿಕೊ ನಗರದಲ್ಲಿ ಜನಿಸಿದ ರಿಕಾರ್ಡೊ ಮೊಂಟಲ್ಬಾನ್. ಮುಖಕ್ಕೆ ಕಂದುಬಣ್ಣದ ಲೇಪ. ಗಡ್ಡವಿಲ್ಲ, ಪೇಟವು ಕಾಣುವುದು ಆ ಇತಿಹಾಸಜ್ಞೆಯು ಬರೆದ ಅವನ ಚಿತ್ರದಲ್ಲಿ ಮಾತ್ರ. ಖಾನನೂ ಸಿಂಗನೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿರುವುದು ನಮ್ಮವರಿಗೆ ನಗು ತರಿಸೀತು. ಮೊದಲ ಕರಡಿನಲ್ಲಿ ಈ ಪಾತ್ರವು ಉತ್ತರ ಯೂರೋಪಿನ ಒಬ್ಬ ನಾರ್ಡಿಕ್ ಪುರುಷನಾಗಿದ್ದಿತೆಂಬುದನ್ನೂ ಇಲ್ಲಿ ನೆನೆಯಬೇಕು. 1946ರ ಶಾಸನದಂತೆ ಭಾರತದಿಂದ ಅಮೆರಿಕಕ್ಕೆ ವಲಸೆ ಹೋಗಬಹುದಾಗಿದ್ದವರು ವರ್ಷಕ್ಕೆ ಸುಮಾರು 100 ಮಂದಿ. ಆ ಕಟ್ಟು ಸಡಿಲವಾದುದು 1965ರ ಶಾಸನದಿಂದ. ಆದುದರಿಂದ ಈ ವೇಷವನ್ನು ನಿಜವಾದ ಸಿಖ್ಖನೊಡನೆ ಹೋಲಿಸಿ ನೋಡಬಲ್ಲ ಪ್ರೇಕ್ಷಕರು ಅಂದು ತೀರ ವಿರಳ.

ಆಹಾರ್ಯದ ದೋಷ ಇಷ್ಟು. ಇನ್ನು ವಾಚಿಕದ ಕಡೆಗೆ ತಿರುಗಿದರೆ ಬೇರೆಯೇ ಚಿತ್ರ ಕಾಣುತ್ತದೆ. ಖಾನನು ಯಾರ ಸೇವಕನೂ ಅಲ್ಲ, ವಿದೂಷಕನೂ ಅಲ್ಲ. ತೊದಲು ಇಂಗ್ಲಿಷಿನಿಂದ ನಗಿಸುವ ಪರದೇಶಿಯಂತೂ ಮೊದಲೇ ಅಲ್ಲ. ಬುದ್ಧಿಯಲ್ಲಿಯೂ ಬಲದಲ್ಲಿಯೂ ನಾಯಕನಿಗೆ ಮಿಗಿಲಾದವನು. ಕೊನೆಯಲ್ಲಿ ನಿರ್ಜನ ಗ್ರಹವೊಂದಕ್ಕೆ ಗಡಿಪಾರಾಗುವಾಗ ಅವನು ಮಿಲ್ಟನ್ನನನ್ನು ನೆನೆದು, ಪತನಹೊಂದಿದ ಸೈತಾನನಿಗೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಆ ಸೂಚನೆಯನ್ನು ನೌಕೆಯ ಯಂತ್ರಶಿಲ್ಪಿಗೆ ನಾಯಕನು ಬಿಡಿಸಿ ಹೇಳಬೇಕಾಗುತ್ತದೆ! ಮೊಂಟಲ್ಬಾನರ ಗಂಭೀರವಾದ ನುಡಿಗಾರಿಕೆಯು ಈ ದೃಶ್ಯಕ್ಕೆ ತಕ್ಕುದಾಗಿದೆ. ಭಾರತೀಯನಿಗೆ ಇಂತಹ ಘನತೆಯನ್ನು ಕೊಟ್ಟ ಪಾತ್ರಗಳು ಆ ದಶಕದ ಅಮೆರಿಕದ ತೆರೆಯಲ್ಲಿ ಅಪರೂಪ.

ನಟರನ್ನು ಪರರ ಪಾತ್ರವನ್ನು ಅಪಹರಿಸಿದವರೆನ್ನುವುದೂ ಸುಲಭವಲ್ಲ. 'ಸಯೊನಾರ' (1957) ಚಿತ್ರದಲ್ಲಿ ಅವರು ಜಪಾನಿನ ನಟನಾದರು. ಅಮೆರಿಕದ ಆದಿವಾಸಿ ನಾಯಕನೊಬ್ಬನ ಪಾತ್ರಕ್ಕಾಗಿ 1978ರಲ್ಲಿ ಎಮ್ಮಿ ಪ್ರಶಸ್ತಿಯನ್ನು ಪಡೆದರು. ಬಿಳಿಯರಲ್ಲದವರ ಪಾತ್ರಗಳೆಲ್ಲ ಒಂದಕ್ಕೊಂದು ಬದಲೆಂದು ನಿರ್ಮಾಪಕರು ಎಣಿಸಿದ್ದ ಕಾಲವದು. ತೆರೆಯ ಮೇಲೆ ತಮ್ಮ ಜನಕ್ಕೆ ಆಗುತ್ತಿದ್ದ ಅನ್ಯಾಯವನ್ನು ಕಂಡು 1970ರಲ್ಲಿ 'ನೊಸೋತ್ರೋಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದವರೂ ಇವರೇ.

ನಟನ ಕುಲವು ಪಾತ್ರದ ಕುಲಕ್ಕೆ ಹೊಂದಿದ ಮಾತ್ರಕ್ಕೆ ಔಚಿತ್ಯವು ಸಿದ್ಧಿಸುವುದೂ ಇಲ್ಲ. ರೇಡಿಯೋದಲ್ಲಿ ಇಬ್ಬರು ಬಿಳಿಯರು 1928ರಿಂದ ಆಡುತ್ತ ಬಂದ 'ಏಮಸ್ ಅಂಡ್ ಆಂಡಿ' 1951ರಲ್ಲಿ ದೂರದರ್ಶನಕ್ಕೆ ಬಂದಾಗ ಕಪ್ಪುಜನಾಂಗದ ನಟರೇ ಆ ಪಾತ್ರಗಳನ್ನು ವಹಿಸಿದರು. ಆದರೂ ಎನ್.ಎ.ಎ.ಸಿ.ಪಿ. ಸಂಸ್ಥೆಯು ಅದನ್ನು ಪ್ರತಿಭಟಿಸಿತು. 1966ರಲ್ಲಿ ಮರುಪ್ರಸಾರವೂ ನಿಂತಿತು. ಅಲ್ಲಿ ದೋಷವಿದ್ದುದು ಬರವಣಿಗೆಯಲ್ಲಿ.

ಖಾನನ ಕಥೆಗೆ ಮರಳಿದರೆ, 1982ರ ಚಲನಚಿತ್ರದಲ್ಲಿ ಮೊಂಟಲ್ಬಾನರೇ ಮತ್ತೆ ಆ ಪಾತ್ರವನ್ನು ವಹಿಸಿದರು. 2013ರ ಚಿತ್ರದಲ್ಲಿ ಅದು ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರಿಗೆ ಸಂದಿತು. ಬಿಳಿಯರಲ್ಲದವನೊಬ್ಬನನ್ನು ಭಯೋತ್ಪಾದಕನಾಗಿ ಚಿತ್ರಿಸಲು ತಮಗೆ ಮನಸ್ಸೊಪ್ಪಲಿಲ್ಲವೆಂಬ ಸಮಾಧಾನವನ್ನು ಅದರ ಲೇಖಕರಲ್ಲೊಬ್ಬರಾದ ರಾಬರ್ಟೊ ಓರ್ಸಿ ಕೊಟ್ಟರು. ಇವರೂ ಮೆಕ್ಸಿಕೊ ನಗರದಲ್ಲಿಯೇ ಹುಟ್ಟಿದವರು. ಉದ್ದೇಶವು ಸಾಧುವಾದುದೇ ಸರಿ. ಆದರೆ 1967ರ ಲೇಪವು ಭಾರತೀಯನನ್ನು ತಪ್ಪಾಗಿಯಾದರೂ ತೆರೆಯ ಮೇಲೆ ನಿಲ್ಲಿಸಿದ್ದಿತು. 2013ರ ಎಚ್ಚರವು ಅವನನ್ನು ಅಲ್ಲಿಂದ ತೆಗೆದೇಹಾಕಿತು. ಇವೆರಡನ್ನೂ ಒಂದೇ ದೋಷವೆಂದು ಹೆಸರಿಸುವ ವಿಮರ್ಶಕರ ಮಾತನ್ನು ನಾನು ಒಪ್ಪಲಾರೆ. ಹೊಸ ಚಿತ್ರದ ಪ್ರತಿನಾಯಕನು ತಾನು ಖಾನನೆಂದು ಹೇಳಿಕೊಳ್ಳುತ್ತಾನೆ. ಅವನು ಯಾವ ದೇಶದವನೆಂದು ಅಲ್ಲಿ ಯಾರೂ ಊಹಿಸಹೋಗುವುದಿಲ್ಲ.