ಒಡೆತನದ ಲೆಕ್ಕದಿಂದ ಸುದ್ದಿಯ ವಿಮರ್ಶೆಗೆ: ಎಡ್ವರ್ಡ್ ಹರ್ಮನ್

ಎಡ್ವರ್ಡ್ ಎಸ್. ಹರ್ಮನ್ (1925–2017) ಅವರ ಹೆಸರನ್ನು ಬಹುಮಂದಿ ವಾಚಕರು ನೋಮ್ ಚಾಮ್‌ಸ್ಕಿಯವರ ಹೆಸರಿನೊಡನೆಯೇ ಕೇಳಿರುತ್ತಾರೆ. 1988ರಲ್ಲಿ ಪ್ರಕಟವಾದ 'ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್' ಇಬ್ಬರ ಕೃತಿ. ಮುಖಪುಟದಲ್ಲಿ ಹರ್ಮನ್ನರ ಹೆಸರೇ ಮೊದಲನೆಯದು. ಆದರೂ ಅವರು ಮೂಲತಃ ಅರ್ಥಶಾಸ್ತ್ರಜ್ಞರು ಎಂಬ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಅವರ ವಿಮರ್ಶೆಯ ಬಲವೂ ಮಿತಿಯೂ ಈ ಸಂಗತಿಯಿಂದಲೇ ವಿಶದವಾಗುತ್ತವೆಂಬುದು ನಮ್ಮ ಅಭಿಪ್ರಾಯ.

ಹರ್ಮನ್ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವಾರ್ಟನ್ ಶಾಲೆಯಲ್ಲಿ ಹಣಕಾಸು ವಿಷಯದ ಪ್ರಾಧ್ಯಾಪಕರಾಗಿದ್ದರು. ಅವರ 'ಕಾರ್ಪೊರೇಟ್ ಕಂಟ್ರೋಲ್, ಕಾರ್ಪೊರೇಟ್ ಪವರ್' (1981) ಎತ್ತಿಕೊಂಡ ಪ್ರಶ್ನೆ ಹಳೆಯದು: ಬೃಹತ್ ಕಂಪನಿಗಳ ಆಡಳಿತ ಷೇರುದಾರರ ಕೈಯಿಂದ ವ್ಯವಸ್ಥಾಪಕರ ಕೈಗೆ ಬಂದ ಮೇಲೆ ಕಂಪನಿಯ ಗುರಿ ಬದಲಾಯಿತೆ? ಅಧಿಕಾರ ಕೈ ಬದಲಿಸಿದ್ದು ನಿಜ, ಲಾಭದ ಗುರಿ ಮಾತ್ರ ಸಡಿಲಲಿಲ್ಲ ಎಂಬುದು ಅವರ ಉತ್ತರ. ವ್ಯಕ್ತಿ ಎಂಥವನೇ ಆಗಿರಲಿ, ಸಂಸ್ಥೆಯ ಕಟ್ಟು ಅವನನ್ನು ನಡೆಸುತ್ತದೆ.

ಏಳು ವರ್ಷಗಳ ತರುವಾಯ ಈ ತರ್ಕವೇ ಪತ್ರಿಕಾಲಯವನ್ನು ಪ್ರವೇಶಿಸಿತು. ಒಡೆತನ, ಜಾಹೀರಾತಿನ ವರಮಾನ, ಸರ್ಕಾರಿ ಹಾಗೂ ವಾಣಿಜ್ಯ ಮೂಲಗಳ ಅವಲಂಬನೆ, ಪ್ರಬಲರ ಸಂಘಟಿತ ಆಕ್ಷೇಪ, ಕಮ್ಯುನಿಸ್ಟ್ ವಿರೋಧ—ಈ ಐದು ಜರಡಿಗಳನ್ನು ದಾಟಿ ಸುದ್ದಿ ಹೊರಬರುತ್ತದೆಂಬುದೇ 'ಪ್ರಚಾರ ಮಾದರಿ'. ಇದಕ್ಕೆ ಒಳಸಂಚು ಬೇಕಿಲ್ಲ. ಸಂಪಾದಕನು ಪ್ರಾಮಾಣಿಕನಾಗಿದ್ದರೂ ಫಲ ಒಂದೇ. ಪರೀಕ್ಷೆಯ ಕ್ರಮವೂ ಲೆಕ್ಕಿಗನದೇ. 1984ರಲ್ಲಿ ಕಮ್ಯುನಿಸ್ಟ್ ಪೋಲೆಂಡಿನ ಪೊಲೀಸರಿಂದ ಹತನಾದ ಪಾದ್ರಿ ಪೊಪಿಯೆವುಷ್ಕೊಗೆ ಅಮೆರಿಕದ ಪ್ರಮುಖ ಪತ್ರಿಕೆಗಳು ಕೊಟ್ಟ ಸ್ಥಳವನ್ನು ಅವರು ಅಳೆದರು. ಅಮೆರಿಕದ ಮಿತ್ರರಾಜ್ಯಗಳಿದ್ದ ಲ್ಯಾಟಿನ್ ಅಮೆರಿಕದಲ್ಲಿ ಹತರಾದ 100 ಮಂದಿ ಧರ್ಮಸೇವಕರಿಗೆ ಸಂದ ಸ್ಥಳವನ್ನೂ ಅಳೆದರು. 1980ರಲ್ಲಿ ಎಲ್ ಸಾಲ್ವಡಾರ್‌ನಲ್ಲಿ ಗುಂಡಿಗೆ ಬಲಿಯಾದ ಆರ್ಚ್‌ಬಿಷಪ್ ರೊಮೆರೊ ಆ ನೂರರಲ್ಲಿ ಒಬ್ಬರು. ನೂರಕ್ಕಿಂತ ಒಂದೇ ಹೆಚ್ಚಾಗಿತ್ತು.

ಈ ಅಳತೆ ಮಹತ್ತ್ವದ್ದು. ಆದರೆ ಅಳತೆಗೆ ಸಿಕ್ಕುವುದು ಅಚ್ಚಾದ ಸುದ್ದಿ ಮಾತ್ರ. ಓದುಗನು ಅದನ್ನು ನಂಬಿದನೋ ಇಲ್ಲವೋ ಎಂಬುದನ್ನು ಅಂಗುಲಗಳು ಹೇಳಲಾರವು. ಇದಕ್ಕಿಂತ ಗುರುತರವಾದ ಆಕ್ಷೇಪಣೆ ಇನ್ನೊಂದುಂಟು. ಡೇವಿಡ್ ಪೀಟರ್ಸನ್‌ರೊಡನೆ ಬರೆದ 'ದಿ ಪಾಲಿಟಿಕ್ಸ್ ಆಫ್ ಜೆನೊಸೈಡ್' (2010) ಗ್ರಂಥದಲ್ಲಿ ಹರ್ಮನ್ 1994ರ ರುವಾಂಡದ ಟುಟ್ಸಿಗಳ ಹತ್ಯಾಕಾಂಡದ ಸ್ವೀಕೃತ ಚರಿತ್ರೆಯನ್ನೇ ತಲೆಕೆಳಗು ಮಾಡಿದರು. 1995ರ ಸ್ರೆಬ್ರೆನಿತ್ಸ ಹತ್ಯೆ ಜನಾಂಗಹತ್ಯೆಯೆಂದು ಅಂತಾರಾಷ್ಟ್ರೀಯ ನ್ಯಾಯಮಂಡಲಿ 2001ರಲ್ಲಿ ತೀರ್ಪಿತ್ತಿದ್ದರೂ ಅದನ್ನು ಅವರು ಒಪ್ಪಲಿಲ್ಲ. ತಕ್ಕಡಿ ವಾಲಿದೆಯೆಂದು ತೋರಿಸುವುದು ಒಂದು. ತಟ್ಟೆಯಲ್ಲಿ ಏನೂ ಇಲ್ಲವೆನ್ನುವುದು ಬೇರೊಂದು. ಒಂದು ಸಾವಿಗೆ ಪ್ರಚಾರ ಅತಿಯಾಗಿ ದೊರೆತಿತೆಂಬುದರಿಂದ ಆ ಸಾವು ಸುಳ್ಳಾಗುವುದಿಲ್ಲ. ಸಾಕ್ಷ್ಯವನ್ನು ಪ್ರತ್ಯೇಕವಾಗಿಯೇ ತೂಗಬೇಕು.

ಆದುದರಿಂದ ಹರ್ಮನ್ನರನ್ನು ಇಡಿಯಾಗಿ ಸ್ವೀಕರಿಸುವುದೂ ಇಡಿಯಾಗಿ ತಳ್ಳುವುದೂ ಯುಕ್ತವಲ್ಲ. ಬಲಿಯಾದವರಲ್ಲಿ ಯೋಗ್ಯರು ಅಯೋಗ್ಯರೆಂಬ ಭೇದವನ್ನು ಪತ್ರಿಕೆಗಳಲ್ಲಿ ಕಂಡು ಖಂಡಿಸಿದವರು ಅವರು. ಆ ಮಾನದಂಡವನ್ನೇ ಅವರ ಕೊನೆಯ ಬರೆಹಗಳಿಗೂ ಹಿಡಿಯುವ ವಿದ್ಯಾರ್ಥಿಯೇ ಅವರಿಂದ ನಿಜವಾಗಿ ಕಲಿತವನೆಂದು ನಾವು ಭಾವಿಸುತ್ತೇವೆ.